ಅಚ್ಚಾಗದ ಸಾಲು

ನನ್ನ ಯಜಮಾನರಿಗೆ ದೇವರು ಒಳ್ಳೆಯ ಗಂಟಲು ಕೊಟ್ಟಿದ್ದಾನೆ. ಬ್ಯಾಂಕಿನಲ್ಲಿದ್ದಾಗ ಅವರು ಟೋಕನ್ ನಂಬರು ಕೂಗಿದರೆ ರಸ್ತೆಯಲ್ಲಿ ಹೋಗುವವರೂ ತಿರುಗಿ ನೋಡುತ್ತಿದ್ದರಂತೆ. ಇದು ಅವರೇ ಹೇಳಿಕೊಳ್ಳುವ ಮಾತು. ನಿವೃತ್ತರಾದ ಮೇಲೆ ಆ ಗಂಟಲಿಗೆ ಬೇರೆ ಕೆಲಸವಿಲ್ಲದೆ ಮನೆಯಲ್ಲಿ ನನ್ನ ಮೇಲೇ ಪ್ರಯೋಗವಾಗುತ್ತಿತ್ತು. ಹಾಗಾಗಿ ವಿಜಯನಗರದ ನಮ್ಮ ಮನೆಯ ಹಿಂದಿನ ಪಾರ್ಕಿನಲ್ಲಿ ಅವರು ಪೇಪರ್ ಓದಲು ಶುರು ಮಾಡಿದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನು.

ಓದುವುದೆಂದರೆ ಮನಸ್ಸಿನಲ್ಲಿ ಅಲ್ಲ, ಗಟ್ಟಿಯಾಗಿ, ಸುತ್ತ ಕೂತವರಿಗೆಲ್ಲ ಕೇಳುವಂತೆ. ಬೆಳಗಿನ ವಾಕಿಂಗ್ ಮುಗಿಸಿದ ಹಿರಿಯರು ಹೊಂಗೆ ಮರದ ಕೆಳಗಿನ ಸಿಮೆಂಟು ಬೆಂಚುಗಳಲ್ಲಿ ಸೇರುತ್ತಾರೆ. ಒಬ್ಬರಿಗೆ ಕಣ್ಣಿನ ಪೊರೆ ತೆಗೆಸಿ ಇನ್ನೂ ಹೊಸ ಕನ್ನಡಕ ಬಂದಿಲ್ಲ. ಇನ್ನೊಬ್ಬರು ಕನ್ನಡಕವನ್ನು ದಿನಾ ಮನೆಯಲ್ಲೇ ಮರೆತು ಬರುತ್ತಾರೆ. ಉಳಿದವರಿಗೆ ಕಣ್ಣು ಚೆನ್ನಾಗಿಯೇ ಇದೆ, ಆದರೆ ಯಾರಾದರೂ ಓದಿ ಹೇಳಿದರೆ ಹಿತ. ಫೋನಿನಲ್ಲಿ ಬರುವುದನ್ನೆಲ್ಲ ನಂಬಬೇಡಿ ಎಂದು ಮಕ್ಕಳು ಇವರಿಗೆ ಗಿಣಿಗೆ ಹೇಳಿದ ಹಾಗೆ ಹೇಳಿದ್ದಾರೆ. ಆದ್ದರಿಂದ ಇವರು ಪೇಪರನ್ನು ನಂಬುತ್ತಾರೆ. ಪೇಪರ್ ಎಂದರೆ ಅಲ್ಲಿ ನನ್ನ ಗಂಡನ ಬಾಯಿ.

ನಾನು ಒಂದು ಕನ್ನಡ ದಿನಪತ್ರಿಕೆಯ ಡೆಸ್ಕಿನಲ್ಲಿದ್ದೇನೆ. ವರದಿಗಾರರು ಬರೆದು ಕಳಿಸಿದ್ದನ್ನು ತಿದ್ದಿ, ಕತ್ತರಿಸಿ, ತಲೆಬರಹ ಕೊಟ್ಟು ಪುಟದಲ್ಲಿ ಕೂರಿಸುವುದು ನನ್ನ ಕೆಲಸ. ಇಷ್ಟು ವರ್ಷಗಳಲ್ಲಿ ಈ ಕೆಲಸ ನನಗೆ ಒಂದು ರೋಗ ಅಂಟಿಸಿದೆ. ಯಾರು ಏನೇ ಹೇಳಿದರೂ 'ಇದನ್ನು ಹೇಳಿದ್ದು ಯಾರು?' ಎಂದು ಕೇಳದೆ ಇರಲಾರೆ. ನಾದಿನಿ ಫೋನಿನಲ್ಲಿ ಯಾರದ್ದೋ ಮನೆ ಮುರಿದ ಕಥೆ ಹೇಳುವಾಗಲೂ ಕೇಳುತ್ತೇನೆ. ಅವಳು ಫೋನ್ ಇಟ್ಟುಬಿಡುತ್ತಾಳೆ.

ನಮ್ಮ ವರದಿಗಾರರಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರಗಳಿವೆ. ಏನನ್ನಾದರೂ ತಮ್ಮ ತಲೆಯಿಂದ ಸೇರಿಸಬೇಕಾದರೆ ಕೊನೆಗೆ 'ಎಂಬುದು ಪ್ರಜ್ಞಾವಂತರ ಪ್ರಶ್ನೆ' ಎಂದು ಬರೆಯುತ್ತಾರೆ. ಈ ಪ್ರಜ್ಞಾವಂತರನ್ನು ನಾನು ಇದುವರೆಗೆ ಕಂಡಿಲ್ಲ. ಅವರ ಮನೆ ಎಲ್ಲಿ, ಅವರು ಹೊತ್ತು ಹೊತ್ತಿಗೆ ಊಟ ಮಾಡುತ್ತಾರೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಆದರೆ ಚರಂಡಿ ಕಟ್ಟಿದರೆ, ಹುಡುಗಿ ಓಡಿಹೋದರೆ, ಬಸ್ಸು ತಡವಾದರೆ ಇವರಿಗೆ ಪ್ರಶ್ನೆ ಹುಟ್ಟುತ್ತದೆ. ಇನ್ನು 'ಎರಡು ಮಾತಿಲ್ಲ' ಎಂಬುದೊಂದಿದೆ. ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಒಂದು ಮಾತಿಗೇ ಆಧಾರವಿಲ್ಲದಾಗ ಬರೆಯುವ ಮಾತು ಅದು.

ಒಂದು ಮಧ್ಯಾಹ್ನ ನಮ್ಮ ಪ್ರದೇಶದ್ದೇ ಸುದ್ದಿ ಬಂತು. ವಿಜಯನಗರದ ಒಂದು ಖಾಸಗಿ ವಿದ್ಯಾರ್ಥಿನಿಲಯದ ಹಲವು ಹುಡುಗರಿಗೆ ವಾಂತಿಭೇದಿಯಾಗಿ ಆಸ್ಪತ್ರೆಗೆ ಸೇರಿಸಿದ್ದರು. ಎಲ್ಲರೂ ಚೇತರಿಸಿಕೊಳ್ಳುತ್ತಿದ್ದರು. ಕಾರಣ ಗೊತ್ತಾಗಿರಲಿಲ್ಲ, ನೀರು ಮತ್ತು ಆಹಾರದ ಮಾದರಿಯನ್ನು ಪರೀಕ್ಷೆಗೆ ಕಳಿಸಿದ್ದರು. ಸುದ್ದಿ ಇಷ್ಟೇ. ಆದರೆ ವರದಿಗಾರ ಹುಡುಗ ಅದರ ಕೆಳಗೆ ಬೀದಿಗೊಂದರಂತೆ ನಾಯಿಕೊಡೆಗಳ ಹಾಗೆ ತಲೆ ಎತ್ತಿರುವ ಮೆಸ್‌ಗಳೇ ಇದಕ್ಕೆ ಕಾರಣ ಎಂಬುದರಲ್ಲಿ ಎರಡು ಮಾತಿಲ್ಲ ಎಂದು ಬರೆದು, ಅಧಿಕಾರಿಗಳು ಎಚ್ಚೆತ್ತುಕೊಳ್ಳುವುದು ಯಾವಾಗ ಎಂದು ಪ್ರಜ್ಞಾವಂತರಿಂದ ಕೇಳಿಸಿದ್ದ.

ಫೋನ್ ಮಾಡಿದೆ. "ಮೆಸ್ ಅಂತ ಹೇಳಿದ್ದು ಯಾರಪ್ಪ? ಡಾಕ್ಟ್ರಾ?"

"ಇಲ್ಲ ಮೇಡಂ. ಆದ್ರೆ ಎಲ್ರಿಗೂ ಗೊತ್ತಿರೋದೇ ಅಲ್ವಾ?"

"ಆ ಹುಡುಗ್ರು ಮೆಸ್‌ನಲ್ಲಿ ಊಟ ಮಾಡ್ತಿದ್ರಾ?"

"ಹಾಸ್ಟೆಲ್‌ನಲ್ಲೇ ಅಡುಗೆ ಇದೆ. ಆದ್ರೂ ಹೊರಗಡೆ ತಿಂದೇ ತಿಂತಾರೆ ಮೇಡಂ, ಹುಡುಗ್ರು ಬಿಡ್ತಾರಾ?"

ಆ ಎರಡು ಸಾಲನ್ನು ತೆಗೆದುಹಾಕಿದೆ. ಉಳಿದದ್ದನ್ನು ಒಳಪುಟದ ಮೂಲೆಯಲ್ಲಿ ಸಣ್ಣ ಸುದ್ದಿಯಾಗಿ ಹಾಕಿದೆ. ಅವತ್ತು ಊಟಕ್ಕೆ ಕೂತಾಗ ಈ ಹುಡುಗನ ಧೈರ್ಯದ ಬಗ್ಗೆ ಯಜಮಾನರಿಗೆ ಹೇಳಿ ಬೈದುಕೊಂಡೆ. ಸಾಲನ್ನು ಅವನ ಧಾಟಿಯಲ್ಲೇ ಓದಿ ತೋರಿಸಿದೆ. ಗಂಡ ಹೆಂಡತಿ ಊಟದ ಹೊತ್ತಿನಲ್ಲಿ ಆಫೀಸಿನ ಮಾತು ಆಡದೆ ಇನ್ನೇನು ಆಡುತ್ತಾರೆ? ಇದರಲ್ಲಿ ನನ್ನ ತಪ್ಪೇನೂ ಇಲ್ಲ, ಈಗಲೂ ಹಾಗೇ ಅನ್ನುತ್ತೇನೆ. ಅವರು ಹಪ್ಪಳ ಮುರಿಯುತ್ತಾ "ಹೌದಾ?" ಅಂದರು, ಅಷ್ಟೇ.

ಮಾರನೆಯ ಬೆಳಿಗ್ಗೆ ಹಾಲು ತರಲು ಹೋದವಳು ಬಿಸಿಲು ತಪ್ಪಿಸಿಕೊಳ್ಳಲು ಪಾರ್ಕಿನ ಒಳಗಿಂದ ಬಂದೆ. ಬೆಂಚಿನ ಹಿಂದೆ ಬರುವಾಗ ನನ್ನ ಸುದ್ದಿ ಕಿವಿಗೆ ಬಿತ್ತು. ನಾನು ತಿದ್ದಿದ ವಾಕ್ಯಗಳನ್ನು ಗಂಡನ ದೊಡ್ಡ ದನಿಯಲ್ಲಿ ಕೇಳುವುದು ಹಿತವಾಗಿಯೇ ಇತ್ತು. ಮಾದರಿಯನ್ನು ಪರೀಕ್ಷೆಗೆ ಕಳುಹಿಸಲಾಗಿದೆ, ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. ಅದೇ ದನಿ, ಅದೇ ಓಟ, ನಡುವೆ ಉಸಿರೂ ಎಳೆಯದೆ ಮುಂದುವರಿಯಿತು: "ಬೀದಿಗೊಂದರಂತೆ ನಾಯಿಕೊಡೆಗಳ ಹಾಗೆ ತಲೆ ಎತ್ತಿರುವ ರೊಟ್ಟಿ ಮೆಸ್‌ಗಳೇ ಇದಕ್ಕೆ ಕಾರಣ ಎಂಬುದರಲ್ಲಿ ಎರಡು ಮಾತಿಲ್ಲ."

ವರದಿಗಾರ ಬರೆದಿದ್ದು ಮೆಸ್ ಎಂದು ಮಾತ್ರ. 'ರೊಟ್ಟಿ' ನಮ್ಮವರ ಸ್ವಂತ ಸೇರ್ಪಡೆ.

ನಾನು ಬೆಂಚಿನ ಹಿಂದೆ ನಿಂತು ಅವರ ಹೆಗಲ ಮೇಲಿಂದ ನೋಡಿದೆ. ಓದುವಾಗ ಸಾಲಿನ ಕೆಳಗೆ ತೋರುಬೆರಳು ಓಡಿಸುವುದು ಅವರ ಅಭ್ಯಾಸ. ಸುದ್ದಿ ಮುಗಿದಿತ್ತು, ಅದರ ಕೆಳಗೆ ಒಂದು ಪ್ರೆಷರ್ ಕುಕ್ಕರಿನ ಜಾಹೀರಾತಿತ್ತು. ಬೆರಳು ಕುಕ್ಕರಿನ ಮೇಲೆ ಎಡದಿಂದ ಬಲಕ್ಕೆ ಸಲೀಸಾಗಿ ಓಡುತ್ತಿತ್ತು. "ಇವರಿಗೆ ಲೈಸೆನ್ಸೂ ಇಲ್ಲ, ನೀರು ಎಲ್ಲಿಂದ ತರ್ತಾರೋ ಗೊತ್ತಿಲ್ಲ" ಎಂದು ಕುಕ್ಕರಿನ ಹಿಡಿಯ ತನಕ ಓದಿದರು. ಕೇಳುತ್ತಿದ್ದವರು ತಲೆದೂಗಿದರು.

ಬೆಂಚಿನ ತುದಿಯಲ್ಲಿದ್ದವರು ಮಾರೇನಹಳ್ಳಿ ಕಡೆ ಹೋಗುವ ರಸ್ತೆಯಲ್ಲಿ ಎರಡಂತಸ್ತಿನ ಮನೆ ಇರುವ ಮಾಲೀಕರು. "ಪೇಪರ್‌ನಲ್ಲೇ ಹಾಕ್ಬಿಟ್ಟಿದಾರಾ ಸಾರ್?" ಎಂದು ಕೇಳಿದರು. ಅವರ ಮನೆಯ ನೆಲಮಹಡಿಯಲ್ಲೇ ನಮ್ಮ ಸುತ್ತಮುತ್ತಲ ಒಂದೇ ಒಂದು ಜೋಳದ ರೊಟ್ಟಿ ಮೆಸ್ ಇದ್ದದ್ದು.

"ಹಾಕದೇ ಇನ್ನೇನು? ಹಾಕೋಕೆ ಆಗ್ದೇ ಇರೋದು ಇನ್ನೂ ಇದೆ. ನಮ್ಮನೇವ್ರು ಅಲ್ಲೇ ಇರೋದಲ್ವಾ, ನಂಗೆಲ್ಲಾ ಗೊತ್ತಾಗತ್ತೆ" ಅಂದರು ನನ್ನ ಯಜಮಾನರು.

ನಾನು ಅಲ್ಲೇ ಬಾಯಿ ಬಿಡಬಹುದಿತ್ತು. ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಅಷ್ಟು ಜನರ ಮುಂದೆ ಗಂಡನನ್ನು ಸುಳ್ಳುಗಾರ ಅನ್ನುವುದು ಹೇಗೆ ಎಂದು ಮನೆಗೆ ಬಂದು ಕಾದೆ. ಅವರು ಬಂದ ತಕ್ಷಣ ಪೇಪರ್ ಕಿತ್ತುಕೊಂಡು ಆ ಪುಟ ತೆಗೆದು ಮುಂದಿಟ್ಟೆ. "ಎಲ್ರೀ ಇದೆ ರೊಟ್ಟಿ ಮೆಸ್ಸು? ತೋರ್ಸಿ."

"ನೀನೇ ಹೇಳಿದ್ದಲ್ವೇನೇ?"

"ನಾನು ತೆಗೆದು ಹಾಕ್ದೆ ಅಂತ ಹೇಳ್ದೆ! ಸುಳ್ಳು ಅಂತ ತೆಗೆದು ಹಾಕ್ದೆ!"

"ಸುಳ್ಳು ಅಂತ ನಿಂಗೆ ಹೇಗೆ ಗೊತ್ತು? ಅದೂ ಗೊತ್ತಿಲ್ವಲ್ಲ. ನಾನು ಯಾರ ಹೆಸ್ರಾದ್ರೂ ಹೇಳಿದ್ನಾ? ಜನರಲ್ಲಾಗಿ ಹೇಳ್ದೆ. ನಂಗೂ ಒಂದು ಅಭಿಪ್ರಾಯ ಇರಬಾರ್ದಾ?"

"ಇರ್ಲಿ. ಪೇಪರ್ ಮಡಚಿಟ್ಟು ಹೇಳಿ."

ಅವರು ನಕ್ಕು ಸ್ನಾನಕ್ಕೆ ಹೋದರು. ನನ್ನ ಸಿಟ್ಟು ಅವರಿಗೆ ಮಳೆಗಾಲದ ಸೊಳ್ಳೆ ಇದ್ದ ಹಾಗೆ, ಇರುತ್ತದೆ, ಹೋಗುತ್ತದೆ. ಅವತ್ತು ನಾನು ಕೆಲಸದಿಂದ ಮೆಟ್ರೋ ಇಳಿದು ಮನೆಗೆ ಬಂದಾಗ ಟೇಬಲ್ ಮೇಲೆ ಪಾರ್ಸೆಲ್ ಬಿಚ್ಚಿದ ಗುರುತು ಕಂಡಿತು. ಖಾಲಿ ಡಬ್ಬಿಯ ತಳದಲ್ಲಿ ಎಣ್ಣೆಗಾಯಿಯ ಜಿಡ್ಡು, ಪಕ್ಕದಲ್ಲಿ ಶೇಂಗಾ ಚಟ್ನಿಯ ಪುಡಿ. ನನ್ನ ಮಧ್ಯಾಹ್ನದ ಪಾಳಿಯ ದಿನಗಳಲ್ಲಿ ಅವರ ಊಟ ಆ ಮೆಸ್‌ನದ್ದೇ. ಬೆಳಿಗ್ಗೆ ಊರಿಗೆಲ್ಲ ಆ ರೊಟ್ಟಿಯಿಂದ ವಾಂತಿಯಾಗುತ್ತದೆ ಎಂದು ಓದಿ ಹೇಳಿ, ಸಂಜೆ ನಡೆದುಕೊಂಡು ಹೋಗಿ ಅದನ್ನೇ ಕಟ್ಟಿಸಿಕೊಂಡು ಬಂದು ತಿಂದು, ಬೆರಳು ನೆಕ್ಕಿಕೊಂಡು ಟಿವಿ ನೋಡುತ್ತಾ ಕೂತಿದ್ದರು.

"ಹೊಟ್ಟೆ ಹೇಗಿದೆ?" ಎಂದು ಕೇಳಿದೆ.

"ಯಾಕೆ? ಚೆನ್ನಾಗಿದೆ. ಇವತ್ತು ರೊಟ್ಟಿ ಬಿಸಿ ಇತ್ತು."

ಮದುವೆಯಾದ ಇಷ್ಟು ವರ್ಷಗಳಲ್ಲಿ ನನ್ನ ಗಂಡನ ಮೇಲೆ ನನಗೆ ಕೋಪ ಬಂದಿದೆ, ಬೇಸರ ಬಂದಿದೆ, ಹೇಸಿಗೆ ಬಂದಿರಲಿಲ್ಲ. ಅವತ್ತು ಬಂತು. ಅವರು ಆ ಮಾತನ್ನು ನಂಬಿ ಹೇಳಿದ್ದರೆ ನಾನು ಜಗಳವಾಡಿ ಸುಮ್ಮನಾಗುತ್ತಿದ್ದೆ. ತಮಗೇ ನಂಬಿಕೆಯಿಲ್ಲದ್ದನ್ನು, ನಾಲ್ಕು ಜನ ಬಾಯಿ ತೆರೆದು ಕೇಳುತ್ತಾರೆ ಎಂಬ ರುಚಿಗೆ ಹೇಳಿದ್ದರು. ಆ ಡಬ್ಬಿಯನ್ನು ನಾನು ತೊಳೆಯಲಿಲ್ಲ.

ಮರುದಿನ ಡೆಸ್ಕಿನಲ್ಲಿ ವರದಿಗಾರ ಹುಡುಗ ಸಿಕ್ಕಿದಾಗ ಹೀಗೆ ಹೀಗಾಯಿತು ಎಂದೆ, ಅವನಿಗಾದರೂ ನಾಚಿಕೆಯಾಗಲಿ ಎಂದು. ಅವನ ಮುಖ ಅರಳಿತು. "ನೋಡಿದ್ರಾ ಮೇಡಂ, ಜನಕ್ಕೆ ಬೇಕಾಗಿರೋದೇ ಅದು. ನೀವು ಕಟ್ ಮಾಡಿದ್ರೂ ತಲುಪ್ತು" ಅಂದ. ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಬದಲಿಗೆ ಅವನ ಅಂದಿನ ವರದಿಯಲ್ಲಿದ್ದ ವಿಶೇಷಣಗಳನ್ನೆಲ್ಲ ಕಿತ್ತುಹಾಕಿದೆ. ಪುಟದಲ್ಲಿ ಜಾಗ ಖಾಲಿ ಉಳಿದು, ಅಲ್ಲಿಗೆ ಇನ್ನೊಂದು ಸುದ್ದಿ ಹುಡುಕಬೇಕಾಯಿತು.

ಆ ವಾರ ಕಳೆಯುವ ಮೊದಲೇ ಮೆಸ್‌ನ ಹೆಂಗಸು ನಮ್ಮ ಮನೆ ಬಾಗಿಲಿಗೆ ಬಂದರು. ವಿಜಯಪುರದ ಕಡೆಯವರು, ನನಗಿಂತ ಚಿಕ್ಕವರು. ಗಂಡ ತೀರಿಕೊಂಡ ಮೇಲೆ ಅತ್ತಿಗೆಯ ಜೊತೆ ಇಲ್ಲಿಗೆ ಬಂದು ಮೆಸ್ ಇಟ್ಟವರು. ಅವರ ಕಡೆಯ ಕಾಲೇಜು ಹುಡುಗರು, ಊಟ ತಲುಪಿಸುವ ಬೈಕಿನ ಹುಡುಗರು, ಇವರೇ ಅವರ ಗಿರಾಕಿಗಳು. ಊರೆಲ್ಲ ಸುತ್ತಿ ಇನ್ನೊಬ್ಬರಿಗೆ ಊಟ ಕೊಟ್ಟು ಬಂದು, ತಮ್ಮ ಊಟಕ್ಕೆ ಅವರು ಅಲ್ಲಿ ನೆಲದ ಮೇಲೆ ಸಾಲಾಗಿ ಕೂರುತ್ತಿದ್ದದ್ದನ್ನು ನಾನೂ ನೋಡಿದ್ದೇನೆ. ಒಳಗೆ ಬನ್ನಿ ಅಂದರೂ ಅವರು ಬರಲಿಲ್ಲ.

"ಅಕ್ಕಾರ, ನಮ್ಮ ಮೆಸ್ಸಿನ ಮ್ಯಾಲೆ ನೀವು ಪೇಪರಿನ್ಯಾಗ ಬರದೀರಿ ಅಂತಾರಲ್ರೀ, ಖರೇ ಏನ್ರೀ?"

"ಇಲ್ಲ ಕಣಮ್ಮ. ಯಾರು ಹೇಳಿದ್ದು?" ಇಲ್ಲೂ ಅದೇ ಪ್ರಶ್ನೆ ಬಂತು.

"ಮಾಲಕರು ಹೇಳಿದ್ರಿ. ಪಾರ್ಕಿನ್ಯಾಗ ನಿಮ್ಮ ಯಜಮಾನ್ರು ಓದಿದ್ರಂತ. ಕಾಲೇಜ್ ಹುಡುಗ್ರು ಊಟಕ್ಕ ಬರವಲ್ರು ಅಕ್ಕಾರ. ಅವ್ವಂದಿರು ಊರಿಂದ ಫೋನ್ ಮಾಡಿ ಬ್ಯಾಡ ಅಂತಾರಂತ. ಮಾಲಕರು ಈ ತಿಂಗಳು ಮುಗಿದ ಮ್ಯಾಲೆ ಮನಿ ಬಿಡ್ರಿ ಅಂದಾರ. ಪೇಪರಿನ್ಯಾಗ ಬಂದದ್ದು ಸುಳ್ಳಽ ಅಂತ ಒಂದ್ಸಲ ಬರೀರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಪೇಪರಿನಲ್ಲಿ ಬಂದೇ ಇಲ್ಲದ್ದನ್ನು ಸುಳ್ಳು ಎಂದು ಪೇಪರಿನಲ್ಲಿ ಬರೆಯುವುದು ಹೇಗೆ? ನಮ್ಮ ವೃತ್ತಿಯಲ್ಲಿ ತಪ್ಪಾದರೆ ತಿದ್ದುಪಡಿ ಹಾಕುತ್ತೇವೆ. ಅಚ್ಚಾಗದ ಸಾಲಿಗೆ ತಿದ್ದುಪಡಿಯಿಲ್ಲ. ಪರೀಕ್ಷೆಯ ವರದಿ ಬರಲಿ, ಆಗ ಖಂಡಿತ ಹಾಕುತ್ತೇನೆ, ಎಲ್ಲರಿಗೂ ಓದಿ ಹೇಳಿಸುತ್ತೇನೆ ಅಂದೆ. ಅವರು ಕೈಮುಗಿದು ಹೋದರು. ಒಳಗೆ ಯಜಮಾನರು ಟಿವಿಯ ದನಿ ಕಡಿಮೆ ಮಾಡಿಕೊಂಡು ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ನೀವು ನಾಳೆ ಹೋಗಿ ಅದು ನನ್ನ ಮಾತು, ಪೇಪರಿನದಲ್ಲ ಅಂತ ಹೇಳ್ಬೇಕು" ಅಂದೆ. "ಹೇಳೋಣ ಹೇಳೋಣ" ಅಂದರು. ಹೇಳಲಿಲ್ಲ.

ವರದಿ ಬರುವ ತನಕ ನಾನು ಸುಮ್ಮನೆ ಕೂರಲಿಲ್ಲ. ಮನೆ ಮಾಲೀಕರನ್ನು ತರಕಾರಿ ಅಂಗಡಿಯ ಮುಂದೆ ಹಿಡಿದು, ನಮ್ಮ ಪತ್ರಿಕೆಯಲ್ಲಿ ಮೆಸ್ ವಿಷಯ ಬಂದೇ ಇಲ್ಲ, ಬೇಕಾದರೆ ಪುಟ ತೋರಿಸುತ್ತೇನೆ ಅಂದೆ. ಅವರು ನನ್ನನ್ನು ಅನುಕಂಪದಿಂದ ನೋಡಿದರು. "ಇರ್ಲಿ ಬಿಡಿ ಮೇಡಂ. ನಿಮಗೆ ಆಫೀಸಲ್ಲಿ ಏನೇನು ಪ್ರೆಷರ್ ಇರತ್ತೋ ನಮಗೆ ಅರ್ಥ ಆಗತ್ತೆ. ಸಾರ್ ಎಲ್ಲಾ ಹೇಳಿದಾರೆ." ಅವರ ಲೆಕ್ಕದಲ್ಲಿ ನಾನು ಸತ್ಯವನ್ನು ಬರೆದು, ಈಗ ಹೆದರಿ ಇಲ್ಲ ಅನ್ನುತ್ತಿರುವವಳು. ಇದಕ್ಕಿಂತ ಅಸಹ್ಯವಾದ ಮೆಚ್ಚುಗೆ ನನಗೆ ಈ ಕೆಲಸದಲ್ಲಿ ಸಿಕ್ಕಿಲ್ಲ.

ಕೊನೆಗೆ ವರದಿ ಬಂತು. ವಿದ್ಯಾರ್ಥಿನಿಲಯದ ನೆಲದಡಿಯ ನೀರಿನ ತೊಟ್ಟಿಗೆ ಒಡೆದ ಕೊಳವೆಯಿಂದ ಚರಂಡಿ ನೀರು ಸೇರಿತ್ತು. ಆಹಾರದಲ್ಲಿ ದೋಷ ಕಂಡುಬಂದಿರಲಿಲ್ಲ. ನಾನೇ ಬರೆದು, ನಾನೇ ತಲೆಬರಹ ಕೊಟ್ಟು, ಪುಟದ ಉಸ್ತುವಾರಿಯವರ ಹತ್ತಿರ ಜಗಳವಾಡಿ ಮೇಲಿನ ಅರ್ಧದಲ್ಲಿ ಹಾಕಿಸಿದೆ. ಮೆಸ್‌ಗಳಿಗೆ ಸಂಬಂಧವಿಲ್ಲ ಎಂದು ಸೇರಿಸಲು ಕೈ ತುಡಿಯಿತು. ವರದಿಯಲ್ಲಿ ಮೆಸ್ ಎಂಬ ಮಾತೇ ಇರಲಿಲ್ಲ, ಹಾಗಾಗಿ ಸೇರಿಸಲಿಲ್ಲ.

ಬೆಳಿಗ್ಗೆ ಯಜಮಾನರ ಹಿಂದೆಯೇ ಪಾರ್ಕಿಗೆ ಹೋದೆ. ಅವರು ರಾಜಕೀಯ ಓದಿದರು, ಚಿನ್ನದ ಬೆಲೆ ಓದಿದರು, ಒಳಪುಟ ತಿರುಗಿಸಿದರು, ನನ್ನ ಸುದ್ದಿಯ ಮೇಲೆ ಕಣ್ಣಾಡಿಸಿ ಕ್ರಿಕೆಟ್ಟಿಗೆ ಹಾರಿದರು. ನಾನು ಮುಂದೆ ಹೋಗಿ ಕೈಚಾಚಿ "ಕೊಡಿ ಇಲ್ಲಿ" ಅಂದೆ. ಅಷ್ಟು ಜನರ ಮುಂದೆ ಗಂಡನ ಕೈಯಿಂದ ಪೇಪರ್ ತೆಗೆದುಕೊಂಡದ್ದು ಅದೇ ಮೊದಲು. ನನ್ನ ದನಿ ಅವರಷ್ಟು ದೊಡ್ಡದಲ್ಲ. ಆದರೂ ತಲೆಬರಹದಿಂದ ಹಿಡಿದು ಪೂರ್ಣವಿರಾಮದ ತನಕ ಬಿಡಿಸಿ ಬಿಡಿಸಿ ಓದಿದೆ.

ಓದಿ ಮುಗಿಸಿದ ಮೇಲೂ ಎಲ್ಲರೂ ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದರು. ಪೊರೆ ತೆಗೆಸಿಕೊಂಡ ಹಿರಿಯರು ಕೊನೆಗೆ ಕೇಳಿದರು. "ಅಷ್ಟೇನಾಮ್ಮ?"

"ಅಷ್ಟೇ ಸಾರ್."

"ಅಲ್ಲಾ, ಅದರ ಮೇಲೆ ಏನು ಹೇಳಿದಾರೆ?"

"ಮೇಲೆ ಏನೂ ಇಲ್ಲ. ಇರೋದೇ ಇಷ್ಟು."

ಅವರಿಗೆ ನಿರಾಸೆಯಾಯಿತು. ಒಬ್ಬರು ಆಕಳಿಸಿದರು. ಸಾರಿಲ್ಲದ ಮುದ್ದೆ ಬಡಿಸಿದವಳನ್ನು ನೋಡುವಂತೆ ನನ್ನನ್ನು ನೋಡಿದರು. ಯಜಮಾನರು ಗಂಟಲು ಸರಿಮಾಡಿಕೊಂಡು, "ಇಂಥ ರಿಪೋರ್ಟುಗಳು ಹೇಗೆ ರೆಡಿಯಾಗತ್ವೆ ಅಂತ ನಮಗೆ ಗೊತ್ತಿಲ್ವಾ" ಅಂದರು. ತಕ್ಷಣ ಆ ಬೆಂಚುಗಳಿಗೆ ಜೀವ ಬಂತು, ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಮಾಲೀಕರು ಮಾತ್ರ ಎದ್ದು ನನ್ನ ಹತ್ತಿರ ಬಂದು, "ಪಾಪ, ಆ ಯಮ್ಮ ಒಳ್ಳೇವ್ರೇ ಮೇಡಂ. ಆದ್ರೆ ನಾನು ಬೇರೆಯವ್ರಿಗೆ ಮಾತು ಕೊಟ್ಬಿಟ್ಟಿದೀನಿ. ಮೆಸ್‌ನವ್ರು ಇವತ್ತೇ ಖಾಲಿ ಮಾಡ್ತಿದಾರೆ" ಎಂದರು.

ಪೇಪರ್ ಹಿಡಿದುಕೊಂಡೇ ಅಲ್ಲಿಗೆ ಹೋದೆ. ಮೆಸ್‌ನ ಮುಂದೆ ಲಗೇಜ್ ಆಟೋ ನಿಂತಿತ್ತು. ರೊಟ್ಟಿಯ ದೊಡ್ಡ ಹಂಚು, ಹಿಟ್ಟಿನ ಡಬ್ಬಗಳು, ಮಡಚಿದ ಚಾಪೆಗಳು ಆಗಲೇ ಏರಿದ್ದವು. ಬೈಕಿನ ಹುಡುಗರಿಬ್ಬರು ಹಗ್ಗ ಬಿಗಿಯುತ್ತಿದ್ದರು. ನಾಯಂಡಹಳ್ಳಿಯಲ್ಲಿ ಗೋಡೌನುಗಳ ಹಿಂದೆ ಒಂದು ಶೆಡ್ಡು ಸಿಕ್ಕಿದೆ, ಗ್ಯಾರೇಜಿನವರು ಊಟಕ್ಕೆ ಬಂದರೆ ಬಂದರು, ಇಲ್ಲದಿದ್ದರೆ ಊರಿಗೆ ಹೋಗುವುದೇ ಸರಿ ಎಂದರು ಆ ಹೆಂಗಸು. ನಾನು ಸುದ್ದಿ ತೋರಿಸಿದೆ. ಅವರು ಸೆರಗಿಗೆ ಕೈ ಒರೆಸಿಕೊಂಡು ಪೇಪರ್ ತೆಗೆದುಕೊಂಡು, ಅಲ್ಲೇ ಹೊಸ್ತಿಲ ಮೇಲೆ ಕೂತು, ತುಟಿ ಅಲ್ಲಾಡಿಸುತ್ತಾ ಪೂರ್ತಿ ಓದಿದರು. ಮತ್ತೆ ಮೊದಲಿನಿಂದ ಓದಿದರು.

"ನಮ್ಮ ಮೆಸ್ಸಿನ ಹೆಸರ ಇಲ್ಲಲ್ರೀ ಅಕ್ಕಾರ ಇದರಾಗ."

"ಇಲ್ಲ. ಮೊದಲು ಬಂದಿದ್ರಲ್ಲೂ ಇರ್ಲಿಲ್ಲ. ನಿಮ್ಮ ಬಗ್ಗೆ ಪೇಪರ್‌ನಲ್ಲಿ ಯಾವತ್ತೂ ಏನೂ ಬಂದಿಲ್ಲ."

ಅವರು ಆಟೋ ಕಡೆ ನೋಡಿದರು, ಆಮೇಲೆ ನನ್ನ ಕಡೆ ನೋಡಿದರು.

"ಹಂಗಾರ ನಾ ಯಾಕ ಮನಿ ಖಾಲಿ ಮಾಡಾಕತ್ತೀನ್ರೀ?"